ಕೌದಿಯನ್ನು ಜಾತ್ರೆಗೆ ಒಯ್ಯಬೇಡಿ, ಕುಲಾವಿಗಾಗಿ ಊರು ಬಿಡಬೇಡಿ

ಪ್ರಶ್ನೆ: ನಾನು ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯವಳು. ನಾನು, ನನ್ನ ಅತ್ತೆ ಮತ್ತು ನೆರೆಮನೆಯ ಇಬ್ಬರು ಸೇರಿ ಹೊಲಿಗೆ ಕೆಲಸ ಮಾಡುತ್ತೇವೆ. ಅತ್ತೆಯವರು ಹಳೆಯ ಸೀರೆಗಳನ್ನು ಪದರವಾಗಿ ಕೂಡಿಸಿ ಕೈಯಲ್ಲೇ ಕೌದಿ ಹೊಲಿಯುತ್ತಾರೆ. ನಾನು ಖಣದ (ರವಿಕೆ ಬಟ್ಟೆಯ) ಕುಲಾವಿ, ಕುಂಚಿಗೆ ಎಂಬ ಕೂಸಿನ ಟೋಪಿಗಳನ್ನು, ಹಳೆಯ ಇಳಕಲ್ ಸೀರೆಯ ಕೈಚೀಲಗಳನ್ನು ಮಾಡುತ್ತೇನೆ. ಬಳ್ಳಾರಿಯಲ್ಲಿರುವ ಅಕ್ಕ ಜೀನ್ಸ್ ತುಂಡುಗಳನ್ನು ಕಳುಹಿಸಿದಾಗ ಅವುಗಳಲ್ಲೂ ಚೀಲ ಹೊಲಿಯುತ್ತೇನೆ. ಈಚೆಗೆ ಬಟ್ಟೆಗೊಂಬೆ ಶುರು ಮಾಡಿದ್ದೇನೆ. ಇದುವರೆಗೆ ಪರಿಚಯದವರಿಗೇ ಮಾರಿದ್ದು: ಚೀಲಕ್ಕೆ 120 ರೂಪಾಯಿ, ಕೌದಿಗೆ 900. ನಮ್ಮ ಯಜಮಾನರು ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಅಂಗಡಿ ಹಾಕೋಣ ಎನ್ನುತ್ತಾರೆ. ಮಗ ಎಲ್ಲವನ್ನೂ ಆನ್‌ಲೈನಿನಲ್ಲಿ ಹಾಕು ಎನ್ನುತ್ತಾನೆ. ಅಕ್ಕ ಬಳ್ಳಾರಿಯ ಅಂಗಡಿಗಳಿಗೆ ಕೊಡು ಎನ್ನುತ್ತಾಳೆ. ಕೈಯಲ್ಲಿ 20,000 ರೂಪಾಯಿ ಇದೆ. ಎಲ್ಲಿ ಮಾರಲಿ? ಚೀಲಕ್ಕೆ ಲಂಬಾಣಿ ಕನ್ನಡಿ ಕಸೂತಿ ಹಾಕಿದರೆ ಬೆಲೆ ಬರುತ್ತದೆಯೇ?

ಉತ್ತರ: ತಂಗಿ, ನಿಮ್ಮ ಮನೆಯ ಮೂವರೂ ಅವರವರ ಮಟ್ಟಿಗೆ ಸರಿ ಹೇಳಿದ್ದಾರೆ. ಆದರೆ ಮೂವರೂ ನಿಮ್ಮ ಸಾಮಾನುಗಳನ್ನು ಒಂದೇ ಗಂಟು ಎಂದುಕೊಂಡಿದ್ದಾರೆ. ಕುಲಾವಿ ಕೊಳ್ಳುವವಳು ಬೇರೆ, ಚೀಲ ಕೊಳ್ಳುವವಳು ಬೇರೆ, ಕೌದಿ ಕೊಳ್ಳುವವರಂತೂ ನಿಮ್ಮ ತಾಲ್ಲೂಕಿನಲ್ಲೇ ಇಲ್ಲ. ಗಂಟು ಬಿಚ್ಚಿ ಒಂದೊಂದನ್ನೇ ನೋಡೋಣ.

ಅದಕ್ಕೆ ಮೊದಲು ನಿಮ್ಮ 120 ರೂಪಾಯಿಯ ಚೀಲ. ಪತ್ರದ ಜೊತೆ ನೀವು ಕಳುಹಿಸಿದ ಲೆಕ್ಕದ ಪ್ರಕಾರ ಹೊರಬಟ್ಟೆಗೆ 38, ಒಳಬಟ್ಟೆಗೆ 14, ಜಿಪ್ಪು ರನ್ನರಿಗೆ 11, ದಾರ, ಸೂಜಿ, ಕರೆಂಟಿಗೆ 5, ಒಟ್ಟು 68 ರೂಪಾಯಿ. ಉಳಿಯುವ 52ನ್ನು ನೀವು ಲಾಭ ಎಂದು ಬರೆದಿದ್ದೀರಿ. ಅದು ಲಾಭವಲ್ಲ, ನಿಮ್ಮ ಕೂಲಿ. ಕತ್ತರಿಸುವುದರಿಂದ ಹಿಡಿದು ದಾರದ ತುದಿ ಕತ್ತರಿಸುವವರೆಗೆ ಐವತ್ತು ನಿಮಿಷ ಹಿಡಿಯುತ್ತದೆ ಎಂದಿದ್ದೀರಿ. ಮನೆ ಬಾಗಿಲಲ್ಲಿ ಮಾರುವವರೆಗೆ ಇದು ನಡೆಯುತ್ತದೆ. ಅದೇ ಚೀಲವನ್ನು ಅಂಗಡಿಗೆ ಕೊಟ್ಟಿರಿ, ಅಂಗಡಿಯವರು ನೂರಕ್ಕೆ ಮೂವತ್ತು ಇಟ್ಟುಕೊಂಡರು ಎನ್ನಿ. ನಿಮಗೆ ಬರುವುದು 84. ಖರ್ಚು ಕಳೆದರೆ 16 ರೂಪಾಯಿಗೆ ಐವತ್ತು ನಿಮಿಷ ಮಿಷನ್ ತುಳಿದಂತಾಯಿತು. ಚೀಲದ ಬೆಲೆ 180 ಇದ್ದರೆ ಅಂಗಡಿಯ ಪಾಲು ಹೋಗಿ 126 ಬರುತ್ತದೆ, ಕೈಯಲ್ಲಿ 58 ಉಳಿಯುತ್ತದೆ. ಹಾಗಾಗಿ ಈ ಚೀಲದ ಬೆಲೆ 180. ಅಂಗಡಿಯಲ್ಲೂ 180, ನಿಮ್ಮ ಪಡಸಾಲೆಯಲ್ಲೂ 180. ಇಲ್ಲಿ ಹೆಂಗಸರು ತಪ್ಪು ಮಾಡುವುದನ್ನು ನಾನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಪರಿಚಯದವರು ಬಂದ ಕೂಡಲೇ ಅರವತ್ತು ಇಳಿಸಿಬಿಡುತ್ತಾರೆ. ಅಂಗಡಿಯವರಿಗೆ ಅದು ಗೊತ್ತಾಗಲು ಒಂದು ವಾರ ಸಾಕು, ಆಮೇಲೆ ಅವರು ನಿಮ್ಮ ಚೀಲವನ್ನು ಎದುರಿಗೆ ತೂಗುಹಾಕುವುದಿಲ್ಲ.

180 ಕೊಟ್ಟು ಯಾರು ಕೊಳ್ಳುತ್ತಾರೆ ಎಂದು ನೀವು ಕೇಳಬಹುದು. ಇಳಕಲ್ ಸೀರೆಯ ಚೀಲವನ್ನು ಕೊಳ್ಳುತ್ತಾರೆ, ಸೆರಗು ಕಾಣುವಂತೆ ಕತ್ತರಿಸಿದ್ದರೆ. ಸೆರಗಿನ ಟೋಪು ತೆನೆ ವಿನ್ಯಾಸದ ಆ ಕೆಂಪು ಬಿಳಿ ಹಲ್ಲುಗಳು ಚೀಲದ ನಡುವೆ ಬರಬೇಕು, ಬಾಯಿಯ ಮಡಿಕೆಯೊಳಗೆ ಅಡಗಿ ಹೋಗಬಾರದು. ಸೀರೆಯ ಒಡಲನ್ನು ಒಳಬಟ್ಟೆಗೂ ಹಿಡಿಕೆಗೂ ಬಳಸಿ. ಕತ್ತರಿಸುವ ಮೊದಲು ಬಟ್ಟೆಯನ್ನು ಬಿಸಿಲಿಗೆ ಎತ್ತಿ ಹಿಡಿದು ನೋಡಿ, ಹಳೆಯ ಸೀರೆ ಮಡಿಕೆ ಬಿದ್ದ ಗೆರೆಯಲ್ಲೇ ಮೊದಲು ಸವೆಯುತ್ತದೆ. ಎರಡು ಹೆಬ್ಬೆರಳಿನಲ್ಲಿ ಎಳೆದಾಗ ಚರಕ್ ಎಂದರೆ ಅದು ಚೀಲಕ್ಕಾಗದು, ಕೌದಿಯ ಒಳಪದರಕ್ಕೆ ಹೋಗಲಿ. ಮಗ್ಗದ ಸೀರೆಯಲ್ಲದೆ ಪಾಲಿಸ್ಟರ್ ಸೀರೆಯಲ್ಲಿ ಮಾಡಿದ ಚೀಲವಾದರೆ ಹಾಗೆಯೇ ಹೇಳಿ ಮಾರಿ. ಇಳಕಲ್ ನಿಮಗೆ ಮಗ್ಗುಲಲ್ಲೇ ಇದೆ, ಬಟ್ಟೆ ಮುಟ್ಟಿ ಹೇಳಬಲ್ಲವರು ನಿಮ್ಮ ಸುತ್ತಲೇ ಇದ್ದಾರೆ.

ಜೀನ್ಸ್ ಚೀಲವನ್ನು ಮಾತ್ರ ಬಳ್ಳಾರಿಗೆ ಒಯ್ಯಬೇಡಿ. ನಿಮ್ಮ ಅಕ್ಕನಿಗೆ ಬೇಸರವಾದರೂ ಚಿಂತೆಯಿಲ್ಲ. ನಾನು ಇದೇ ಊರಿನವಳು. ಜೀನ್ಸ್ ಹೊಲಿದೇ ಹೆಸರಾದ ಊರಿದು, ಕೌಲ್ ಬಜಾರಿನ ಕಡೆ ಒಂದು ಓಣಿ ಹೊಕ್ಕರೆ ಸಾಕು, ಮಿಷನ್‌ಗಳ ಸದ್ದಿನಲ್ಲಿ ಮಾತು ಕೇಳಿಸದು. ದಪ್ಪ ಬಟ್ಟೆಗೆಂದೇ ಇರುವ ಮಿಷನ್‌ನಲ್ಲಿ ಅವರು ಹತ್ತು ನಿಮಿಷಕ್ಕೆ ಎಳೆಯುವ ಹೊಲಿಗೆಗೆ ಮನೆಯ ಮಿಷನ್‌ನಲ್ಲಿ ನಿಮಗೆ ಅರ್ಧ ಗಂಟೆ ಬೇಕು, ಅದರ ನಡುವೆ ಎರಡು ಸೂಜಿ ಮುರಿಯುತ್ತವೆ. ಬಳ್ಳಾರಿಯಿಂದ ತುಂಡು ತರಿಸಿಕೊಳ್ಳಿ, 16 ಅಥವಾ 18ನೇ ನಂಬರಿನ ಸೂಜಿ ಹಾಕಿ, ಇಳಕಲ್ ಚೀಲಗಳ ತಳಕ್ಕೆ ಮತ್ತು ಹಿಡಿಕೆಯ ಬುಡಕ್ಕೆ ಆ ಬಟ್ಟೆ ಕೊಡಿ. ಚೀಲ ಗಟ್ಟಿಯಾಗುತ್ತದೆ, ನೋಡಲೂ ಚೆಂದ.

ಇನ್ನು ಕುಲಾವಿ. ನಿಮ್ಮ ನಿಜವಾದ ವ್ಯಾಪಾರ ಇದರಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ, ನೀವು ಅದನ್ನು ಪತ್ರದಲ್ಲಿ ಅರ್ಧ ಸಾಲಿನಲ್ಲಿ ಮುಗಿಸಿದ್ದೀರಿ. ನಮ್ಮ ಕಡೆ ತೊಟ್ಟಿಲ ಕಾರ್ಯಕ್ಕೆ ಕುಲಾವಿ ಕುಂಚಿಗೆ ಇಲ್ಲದೆ ತವರಿನವರು ಬರುವುದಿಲ್ಲ. ಒಂದು ಮಗುವಿಗೆ ಅಜ್ಜಿ, ಸೋದರತ್ತೆ, ಚಿಕ್ಕಮ್ಮ ಎಂದು ಮೂರು ನಾಲ್ಕು ಕಡೆಯಿಂದ ಬರುತ್ತವೆ. ಉಡುಗೊರೆಗೆ ಕೊಳ್ಳುವವರು ಬೆಲೆಯ ಮೇಲೆ ಹೆಚ್ಚು ಜಗ್ಗಾಡುವುದಿಲ್ಲ, ನಾಲ್ಕು ಜನರ ಎದುರು ತಟ್ಟೆಯಲ್ಲಿಟ್ಟು ಕೊಡುವ ವಸ್ತು ಅದು. ಮಳೆಗಾಲ, ಬೇಸಿಗೆ, ಸುಗ್ಗಿ ಎಂಬ ಭೇದವೂ ಇದಕ್ಕಿಲ್ಲ.

ಆದರೆ ಒಂದು ತೊಡಕಿದೆ. ಹೆರಿಗೆಗೆ ಮೊದಲು ಕೂಸಿನ ಬಟ್ಟೆ ಕೊಳ್ಳಬಾರದು ಎನ್ನುವ ಮನೆಗಳು ನಮ್ಮಲ್ಲಿ ಬಹಳ. ಕೂಸು ಹುಟ್ಟಿದ ಮೇಲೆ ಹನ್ನೆರಡು ಹದಿಮೂರನೆಯ ದಿನಕ್ಕೇ ತೊಟ್ಟಿಲು ಎಂದರೆ ನಿಮ್ಮ ಕೈಯಲ್ಲಿ ಒಂದು ವಾರವೂ ಉಳಿಯುವುದಿಲ್ಲ. ಆರ್ಡರು ಬಂದ ಮೇಲೆ ಗುಳೇದಗುಡ್ಡದ ಖಣ ತರಿಸುತ್ತೇನೆ ಎಂದು ಕುಳಿತರೆ ಆಗದು. ನಾಲ್ಕೈದು ಬಣ್ಣದ ಖಣವನ್ನು ಅಳತೆಗೆ ಕತ್ತರಿಸಿ, ಒಳಬಟ್ಟೆ ಕೂಡಿಸಿ ಇಟ್ಟುಕೊಂಡಿರಿ. ಆರ್ಡರು ಬಂದ ದಿನ ಅಂಚು, ಲಾಡಿ, ಗೊಂಡೆ ಮಾತ್ರ ಉಳಿದಿರಬೇಕು. ಅಳತೆಯ ವಿಷಯದಲ್ಲಿ ಕಣ್ಣಂದಾಜು ಬೇಡ. ಹುಟ್ಟಿದ ಕೂಸಿನ ತಲೆಯ ಸುತ್ತಳತೆ ಸುಮಾರು 35 ಸೆಂಟಿಮೀಟರ್, ವರ್ಷ ತುಂಬುವ ಹೊತ್ತಿಗೆ 45ರ ಆಸುಪಾಸು. ಮೂರು ಅಳತೆ ಇಟ್ಟುಕೊಂಡರೆ ಸಾಕು. ಒಳಬಟ್ಟೆ ಮೆತ್ತನೆಯ ಹತ್ತಿಯದಿರಲಿ, ಹೊಲಿಯುವ ಮೊದಲು ಒಮ್ಮೆ ತೊಳೆದಿರಲಿ. ಮಣಿ, ಚಮಕಿ, ಸಣ್ಣ ಗುಂಡಿ ಬೇಡವೇ ಬೇಡ. ಅವು ಕಿತ್ತು ಬಂದು ಕೂಸಿನ ಬಾಯಿಗೆ ಹೋಗುತ್ತವೆ. ಗಿರಾಕಿ ಕೇಳಿದರೂ ಇಲ್ಲ ಎನ್ನಿ.

ಇದನ್ನು ಮಾರುವ ಜಾಗ ಖಣ ಮತ್ತು ಸೀರೆಯ ಅಂಗಡಿ. ಕುಷ್ಟಗಿಯಲ್ಲಿ ಒಂದು, ಗಂಗಾವತಿಯಲ್ಲಿ ಒಂದು ಸಾಕು. ಕುಬುಸದ ಕಾರ್ಯಕ್ಕೆ, ಅಂದರೆ ಬಸುರಿಯ ಸೀಮಂತಕ್ಕೆ, ಸೀರೆ ಕೊಳ್ಳಲು ಬಂದ ಮನೆಯವರೇ ಕೆಲವು ತಿಂಗಳ ನಂತರ ತೊಟ್ಟಿಲಿಗೂ ಬರುತ್ತಾರೆ. ಗಲ್ಲಾಪೆಟ್ಟಿಗೆಯ ಹಿಂದೆ ನಿಮ್ಮ ಒಂದು ಕುಲಾವಿ ತೂಗುತ್ತಿದ್ದರೆ, ಕುಬುಸದ ದಿನವೇ ಅವರ ಕಣ್ಣಿಗೆ ಬಿದ್ದಿರುತ್ತದೆ. ಕುಬುಸಕ್ಕೆ ಉಡಿ ತುಂಬುವ ಚೀಲವನ್ನೂ ಅದೇ ಖಣದಲ್ಲಿ ಹೊಲಿದಿಡಿ.

ಅಂಗಡಿಯವರು ಎರಡು ಬಗೆಯಲ್ಲಿ ತೆಗೆದುಕೊಳ್ಳುತ್ತಾರೆ. ಒಂದು, ರೊಕ್ಕ ಕೊಟ್ಟು ಕೊಳ್ಳುವುದು, ಆಗ ಬೆಲೆ ಜಗ್ಗಿ ಹಿಡಿಯುತ್ತಾರೆ. ಇನ್ನೊಂದು, ಇಟ್ಟುಹೋಗಿ, ಮಾರಿದ ಮೇಲೆ ಕೊಡುತ್ತೇವೆ ಎನ್ನುವುದು. ಹೊಸಬರಿಗೆ ಎರಡನೆಯದೇ ಸಿಗುವುದು ಹೆಚ್ಚು, ಒಪ್ಪಿಕೊಳ್ಳಿ, ಆದರೆ ಬಾಯಿಮಾತಿನಲ್ಲಿ ಬೇಡ. ಕಾರ್ಬನ್ ಇಟ್ಟು ಬರೆಯುವ ಒಂದು ಚೀಟಿ ಪುಸ್ತಕ ಕೊಳ್ಳಿ. ಎಷ್ಟು ಕೊಟ್ಟಿರಿ, ಯಾವ ಬಣ್ಣ, ಯಾವ ಬೆಲೆ, ಅಂಗಡಿಯ ಪಾಲೆಷ್ಟು, ಕಳೆದುಹೋದರೆ ಅಥವಾ ಇಲಿ ಕಡಿದರೆ ಯಾರ ಲೆಕ್ಕ ಎಂದು ಬರೆದು ಸಹಿ ಹಾಕಿಸಿ. ತಿಂಗಳಿಗೊಮ್ಮೆ ಅಮಾವಾಸ್ಯೆಯ ಮರುದಿನ ಹೋಗಿ ಎಣಿಸಿ ಬನ್ನಿ. ಎರಡು ಅಮಾವಾಸ್ಯೆ ಕಳೆದರೂ ರೊಕ್ಕ ಬರದಿದ್ದರೆ ಉಳಿದದ್ದನ್ನು ಚೀಲಕ್ಕೆ ಹಾಕಿಕೊಂಡು ನಗುತ್ತಲೇ ಬಂದುಬಿಡಿ. ಉದ್ರಿ ಬೆಳೆಯಲು ಬಿಟ್ಟರೆ ಸಾಮಾನೂ ಹೋಗುತ್ತದೆ, ಮುಖ ನೋಡುವ ಸಂಬಂಧವೂ ಹೋಗುತ್ತದೆ.

ಜಾತ್ರೆಯ ವಿಚಾರಕ್ಕೆ ಬರೋಣ. ಗವಿಸಿದ್ಧೇಶ್ವರ ಜಾತ್ರೆ ಬರುವುದು ಪುಷ್ಯ ಮಾಸದಲ್ಲಿ, ಸಾಮಾನ್ಯವಾಗಿ ಜನವರಿಯಲ್ಲಿ. ಲಕ್ಷಗಟ್ಟಲೆ ಜನ, ಊರೂರಿನಿಂದ ದಾಸೋಹಕ್ಕೆ ಬರುವ ರೊಟ್ಟಿಯ ರಾಶಿ. ಇಷ್ಟು ಜನರಲ್ಲಿ ನೂರಕ್ಕೊಬ್ಬರು ಕೊಂಡರೂ ಎಷ್ಟಾಯಿತು ಎಂದು ನಿಮ್ಮ ಯಜಮಾನರು ಲೆಕ್ಕ ಹಾಕಿರಬೇಕು. ಒಂದು ಕಾಲಕ್ಕೆ ನಾನೂ ಹಾಗೆಯೇ ಹಾಕಿದ್ದೆ. ಜಾತ್ರೆಗೆ ಬಂದವರು ನಡೆಯುತ್ತಲೇ ಕೊಳ್ಳುತ್ತಾರೆ, ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಮಿಠಾಯಿ ಪೊಟ್ಟಣ. ಅವರಿಗೆ ಬೇಕಾದದ್ದು ಐವತ್ತು ನೂರರ ವಸ್ತು, ಮಡಚಿ ಜೇಬಿಗೆ ಹಾಕುವಂಥದ್ದು. ಎಲೆ ಅಡಿಕೆಯ ಸಂಚಿ, ಮೊಬೈಲು ಹಾಕುವ ಸಣ್ಣ ಚೀಲ, ದುಡ್ಡಿನ ಪರ್ಸು ಮಾಡಿದರೆ ಸರಿ.

ಕೆಲವು ವರ್ಷಗಳ ಹಿಂದೆ ನಮ್ಮ ಹೊಲಿಗೆಯ ಗುಂಪು ಒಂದು ದೊಡ್ಡ ಊರಿನ ಹತ್ತು ದಿನದ ಮೇಳಕ್ಕೆ ಹೋಗಿತ್ತು. ಊರು, ನಡೆಸಿದವರ ಹೆಸರು ಬೇಡ. ಬಾಡಿಗೆ ಮೊದಲೇ ಕಟ್ಟಿದ್ದೆವು, ಹೋಗಿ ನೋಡಿದರೆ ನಮ್ಮ ಮಳಿಗೆ ಮಿರ್ಚಿ ಬಜ್ಜಿಯ ಬಾಣಲೆಯ ಹಿಂದೆ. ಗಾಳಿ ನಮ್ಮ ಕಡೆಗೇ. ಮೂರನೆಯ ದಿನಕ್ಕೆ ಹನ್ನೊಂದು ಕೌದಿಗಳೂ ಕಾದ ಎಣ್ಣೆಯ ವಾಸನೆ ಹಿಡಿದವು. ಬಂದವರೆಲ್ಲ ಕೌದಿಯ ಮೇಲೆ ಕೈಯಾಡಿಸಿ, ನಮ್ಮಜ್ಜಿ ಹೀಗೆಯೇ ಹೊಲಿಯುತ್ತಿದ್ದಳು ಎಂದು ಹೇಳಿ, ನಲವತ್ತು ರೂಪಾಯಿಯ ಸಂಚಿ ಕೊಂಡು ಹೋದರು. ಹನ್ನೊಂದಕ್ಕೆ ಹನ್ನೊಂದೂ ವಾಪಸು ಬಂದವು, ತೊಳೆದು ಒಣಗಿಸಲು ಒಂದು ವಾರ ಹಿಡಿಯಿತು. ನಮ್ಮ ಸೀಮೆಯವರಿಗೆ ಕೌದಿ ಎಂದರೆ ಮನೆಯಲ್ಲಿ ಹೊಲಿಯುವುದು, ಅದಕ್ಕೆ ರೊಕ್ಕ ಕೊಡುವುದು ಎಂದರೆ ಅವರಿಗೆ ವಿಚಿತ್ರ. ಅದು ನನಗೆ ಆ ಹತ್ತು ದಿನದಲ್ಲಿ ತಿಳಿಯಿತು.

ಆದ್ದರಿಂದ ಗವಿಮಠದ ಜಾತ್ರೆಗೆ ಮೊದಲ ವರ್ಷ ಸ್ವಂತ ಅಂಗಡಿ ಬೇಡ. ನಿಮ್ಮದು ಸರ್ಕಾರದ ಸ್ತ್ರೀಶಕ್ತಿ ಅಥವಾ ಸಂಜೀವಿನಿ ಯೋಜನೆಯ ಸ್ವಸಹಾಯ ಸಂಘವಾಗಿದ್ದರೆ, ಪ್ರದರ್ಶನ ಮಳಿಗೆಗಳಲ್ಲಿ ಸಂಘಗಳಿಗೆ ಜಾಗ ಕೊಡುತ್ತಾರೆಯೇ ಎಂದು ದೀಪಾವಳಿ ಕಳೆದ ಕೂಡಲೇ ತಾಲ್ಲೂಕು ಪಂಚಾಯಿತಿಯ ಸಂಜೀವಿನಿ ವಿಭಾಗದಲ್ಲಿ ಕೇಳಿ. ಇಂಥ ಸಂಘಗಳ ಸಾಮಾನು ಮಾರುವ ಸರಸ್ ಮೇಳಗಳಿಗೆ ಹೋಗುವ ದಾರಿಯೂ ಅಲ್ಲಿಂದಲೇ. ಸಣ್ಣ ಸಾಮಾನನ್ನು ಪರೀಕ್ಷಿಸಲು ಹುಲಿಗಿಯೇ ಒಳ್ಳೆಯದು. ಮಂಗಳವಾರ, ಶುಕ್ರವಾರ, ಹುಣ್ಣಿಮೆಗೆ ಹುಲಿಗೆಮ್ಮನ ಗುಡಿಗೆ ಜನ ಇದ್ದೇ ಇರುತ್ತಾರೆ. ಉಡಿ ತುಂಬುವ ಸಾಮಾನು ಮಾರುವ ಅಂಗಡಿಯೊಂದಕ್ಕೆ ಇಪ್ಪತ್ತು ಖಣದ ಚೀಲ ಕೊಟ್ಟು ನೋಡಿ. ಒಂದು ಹುಣ್ಣಿಮೆಗೆ ಎಷ್ಟು ಹೋದವು ಎಂಬುದರ ಮೇಲೆ ಮುಂದಿನದನ್ನು ಹೊಲಿಯಿರಿ.

ಹಂಪಿಯ ಎದುರು ದಡದ ಆನೆಗೊಂದಿ, ಸಾಣಾಪುರದ ಕಡೆ ಬೇರೆ ಜನ. ಅಂಜನಾದ್ರಿಗೆ ಬರುವ ಭಕ್ತರು ಹುಲಿಗಿಯವರಂತೆಯೇ ಕೊಳ್ಳುತ್ತಾರೆ. ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಹಂಪಿ ನೋಡಲು ಬಂದು ನಾಲ್ಕು ದಿನ ನಿಲ್ಲುವವರು ಮಾತ್ರ ಕೌದಿಯನ್ನು ಕೌದಿ ಎಂದು ನೋಡುತ್ತಾರೆ. ಆನೆಗೊಂದಿಯ ಹೆಂಗಸರು ಬಾಳೆ ನಾರಿನಿಂದ ಚೀಲ, ಬುಟ್ಟಿ ಮಾಡಿ ಮಾರುವುದನ್ನು ಒಂದು ದಿನ ಹೋಗಿ ನೋಡಿ ಬನ್ನಿ. ಪೊಟ್ಟಣ ಕಟ್ಟುವುದು, ಬೆಲೆಚೀಟಿ ಅಂಟಿಸುವುದು, ಎಲ್ಲವನ್ನೂ ಅಲ್ಲಿ ಕಲಿಯಬಹುದು. ಆದರೆ ಬೆನ್ನಿಗೆ ಚೀಲ ಹಾಕಿಕೊಂಡು ಬಂದವರು ಮೂರು ಕಿಲೋ ತೂಕದ ಕೌದಿ ಒಯ್ಯುವುದಿಲ್ಲ. ಅವರಿಗೆ ಮೂರಡಿ ಚೌಕದ ಕೂಸಿನ ಕೌದಿ, ದಿಂಬಿನ ಹೊದಿಕೆ ಮಾಡಿ. ಅಲ್ಲಿನ ಹೋಂಸ್ಟೇ ಒಂದಕ್ಕೆ ಹಾಸಿಗೆಯ ಮೇಲೆ ಹಾಸಲು ಎರಡು ದೊಡ್ಡ ಕೌದಿಗಳನ್ನು ರೊಕ್ಕಕ್ಕೇ ಮಾರಿ, ಮೂಲೆಯಲ್ಲಿ ನಿಮ್ಮ ಫೋನ್ ನಂಬರಿನ ಬಟ್ಟೆಚೀಟಿ ಹೊಲಿದು. ಒಂದು ರಾತ್ರಿ ಹೊದ್ದು ಮಲಗಿದವರಿಗೆ ನೀವೇನೂ ವಿವರಿಸಬೇಕಾಗಿಲ್ಲ.

ಮಗನ ಆನ್‌ಲೈನು. ದೊಡ್ಡ ಮಾರಾಟ ತಾಣಗಳಲ್ಲಿ ನಡೆಯುವುದು ಒಂದೇ ಥರದ ಐನೂರು ಚೀಲ ಇದ್ದವರ ಆಟ. ನಿಮ್ಮ ಒಂದು ಚೀಲದಂತೆ ಇನ್ನೊಂದಿಲ್ಲ, ಪ್ರತಿಯೊಂದಕ್ಕೂ ಬೇರೆ ಫೋಟೊ ಬೇಕು, ಪಕ್ಕದಲ್ಲೇ ಸೂರತ್‌ನ ಕಾರ್ಖಾನೆಯ ಚೀಲ 99 ರೂಪಾಯಿಗೆ ನಿಂತಿರುತ್ತದೆ. ಸಾಮಾನು ವಾಪಸು ಬಂದರೆ ಆ ಖರ್ಚೂ ನಿಮ್ಮ ಮೇಲೆಯೇ ಬರಬಹುದು. ವಾಟ್ಸ್ಆ್ಯಪ್ ಬಿಸಿನೆಸ್‌ನಲ್ಲಿ ಬೆಲೆ ಸಹಿತ ಪಟ್ಟಿ ಇಡಲು ಕಾಸು ಬೇಕಿಲ್ಲ, ಅಲ್ಲಿಂದ ಶುರು ಮಾಡಲಿ. ಫೋಟೊವನ್ನು ಬೆಳಿಗ್ಗೆ ಏಳರ ಬಿಸಿಲಿನಲ್ಲಿ ಕಟ್ಟೆಯ ಮೇಲೆ ಹಾಸಿ ತೆಗೆಯಲಿ, ಕೌದಿಯ ಹಿಂಬದಿಯದನ್ನೂ. ಕೈಹೊಲಿಗೆಯ ಸಾಲು ಕಾಣುವುದು ಅಲ್ಲಿಯೇ.

ಸಾಗಿಸುವ ಖರ್ಚು ಕೇಳಿಕೊಂಡು ಬೆಲೆ ಹೇಳಿ. ಹಲವು ಕೊರಿಯರ್‌ನವರು ತೂಕದ ಜೊತೆ ಗಾತ್ರವನ್ನೂ ಲೆಕ್ಕ ಹಾಕುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ, ಬಂದದ್ದು ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ಹಣ. 45, 35, 20ರ ಡಬ್ಬಿಯಲ್ಲಿ ಸಡಿಲವಾಗಿ ಮಡಚಿಟ್ಟ ಮೂರು ಕಿಲೋದ ಕೌದಿ 6.3 ಕಿಲೋ ಆಗಿಬಿಡುತ್ತದೆ. ಬಿಗಿಯಾಗಿ ಸುತ್ತಿ, ಹಗ್ಗ ಕಟ್ಟಿ, ಬಟ್ಟೆಯಲ್ಲಿ ಹೊಲಿದು ಕಳುಹಿಸಿ. ಅಂಚೆ ಕಚೇರಿಯ ದರವನ್ನೂ ಕೇಳಿ. ಮತ್ತೊಂದು ಎಚ್ಚರಿಕೆ: ಸೈನ್ಯದವನು ಎಂದು ಹೇಳಿಕೊಂಡು ಒಮ್ಮೆಗೇ ಹತ್ತು ಕೌದಿ ಕೇಳುವ, ಹಣ ಹಾಕಲು ಕ್ಯೂಆರ್ ಕೋಡ್ ಕಳುಹಿಸುವ ಗಿರಾಕಿ ನಿಮಗೂ ಸಿಗುತ್ತಾನೆ. ನಮಗೆ ಹಣ ಬರಬೇಕಾದರೆ ನಾವು ಪಿನ್ ಒತ್ತಬೇಕಾಗಿಲ್ಲ. ಒತ್ತಿ ಎಂದವನ ನಂಬರನ್ನು ಅಳಿಸಿ.

ತೆರಿಗೆಯ ಹೆದರಿಕೆ ಸದ್ಯಕ್ಕೆ ಬೇಡ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಬಂದ ಮೇಲೆ ನಮ್ಮ ಹೆಂಗಸರು ಫೋನ್‌ಪೇ ಎಂದರೇ ಬೆಚ್ಚುತ್ತಾರೆ. ಸಾಮಾನು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿಯ ವಹಿವಾಟು. ನೀವು ಅಲ್ಲಿಗೆ ಹೋದ ದಿನ ನನಗೆ ಹೋಳಿಗೆ ಊಟ ಹಾಕಿಸಿ. ಆದರೆ ಹೊರರಾಜ್ಯಕ್ಕೆ ಮಾರುವಾಗ ನಿಯಮ ಬೇರೆ, ಕೆಲವು ಕರಕುಶಲ ವಸ್ತುಗಳಿಗಷ್ಟೇ ವಿನಾಯಿತಿ. ಆ ಆರ್ಡರು ಬಂದಾಗ ಒಬ್ಬ ತೆರಿಗೆ ಸಲಹೆಗಾರರನ್ನು ಕೇಳಿಯೇ ಕಳುಹಿಸಿ.

ಬಟ್ಟೆಗೊಂಬೆಗಳನ್ನು ಸದ್ಯಕ್ಕೆ ನಿಲ್ಲಿಸಿ. ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗೆ 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಆಟಿಕೆಗೆ ವಿನಾಯಿತಿ ಕೊಟ್ಟಿದ್ದಾರೆ. ಅವರು ಕೊಡುವ ಪೆಹಚಾನ್ ಗುರುತಿನ ಚೀಟಿಗೆ ಅರ್ಜಿ ಹಾಕಿ, ಕೌದಿಗೂ ಅದು ಬಳಕೆಗೆ ಬರುತ್ತದೆ. ಚೀಟಿ ಬಂದ ಮೇಲೆ ಗೊಂಬೆ.

ಕನ್ನಡಿ ಕಸೂತಿ ಬೇಡ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲೇ ಭೌಗೋಳಿಕ ಗುರುತು ಸಿಕ್ಕಿದೆ, ಆ ಹೆಸರಿನಲ್ಲಿ ಬೇರೆಯವರು ಮಾರುವಂತಿಲ್ಲ. 2023ರಲ್ಲಿ ಹಂಪಿಯ ಜಿ20 ಸಭೆಯ ಹೊತ್ತಿಗೆ ಅಲ್ಲಿನ ಹೆಂಗಸರು 1755 ಕಸೂತಿ ತುಂಡುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಿದರು. ಅವರ ಕೈ ಎದುರು ನಿಮ್ಮ ಅಂಟಿಸಿದ ಕನ್ನಡಿ ನಿಲ್ಲದು, ನಿಮ್ಮ ಖಣದ ಎದುರು ಅವರದೂ ಬೇರೆಯೇ ಸಾಮಾನು.

20,000ದಲ್ಲಿ ಮಿಷನ್ ಕೊಳ್ಳಬೇಡಿ. ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ, ಉಪಕರಣಕ್ಕೆ 15,000 ರೂಪಾಯಿಯವರೆಗೆ ಕೊಡುತ್ತಾರೆ. ಒಂದು ಕುಟುಂಬಕ್ಕೆ ಒಬ್ಬರು ಮಾತ್ರ, ಅರ್ಜಿ ನಿಮ್ಮ ಹೆಸರಿನಲ್ಲಿರಲಿ. ಆರು ಸಾವಿರಕ್ಕೆ ಖಣ, ಎರಡು ಸಾವಿರಕ್ಕೆ ಒಳಬಟ್ಟೆ, ದಾರ, ಲಾಡಿ. ಉಳಿದದ್ದು ಬ್ಯಾಂಕಿನಲ್ಲಿರಲಿ, ಅಂಗಡಿಯವರ ರೊಕ್ಕ ತಡವಾದ ತಿಂಗಳು ನೆರೆಮನೆಯ ಇಬ್ಬರಿಗೆ ಕೂಲಿ ಕೊಡಲು ಬೇಕಾಗುತ್ತದೆ.

ಕಡೆಗೆ ಅತ್ತೆಯವರ ಕೌದಿ. ಹದಿನೆಂಟು ಮಧ್ಯಾಹ್ನ, ದಿನಕ್ಕೆ ಮೂರು ಗಂಟೆ ಎಂದು ಬರೆದಿದ್ದೀರಿ. ಐವತ್ತನಾಲ್ಕು ಗಂಟೆಯ ಕೆಲಸ. ಗಂಟೆಗೆ ಐವತ್ತು ಹಿಡಿದರೂ ಕೂಲಿಯೇ 2,700 ಆಗುತ್ತದೆ, ನೀವು ಬಟ್ಟೆ ಸಹಿತ 900ಕ್ಕೆ ಕೊಟ್ಟಿದ್ದೀರಿ. ಕೌದಿ ಹೊಲಿದು ಗಿರಾಕಿಗೆ ಕಾಯುವುದನ್ನು ಬಿಡಿ. ಹಿಂದೆ ಕೌದಿ ಹೊಲಿಯುವವರು ಮನೆಗೇ ಬರುತ್ತಿದ್ದರಲ್ಲ, ಸೀರೆ ಮನೆಯವರದು, ಕೂಲಿ ಅವರದು. ಅದನ್ನೇ ಮಾಡಿ. ಬೆಂಗಳೂರು, ಹುಬ್ಬಳ್ಳಿಗೆ ಹೋಗಿ ನೆಲೆಸಿದ ನಮ್ಮ ಕಡೆಯ ಮಕ್ಕಳ ಮನೆಯಲ್ಲಿ, ತೀರಿಹೋದ ತಾಯಿಯ ಸೀರೆಗಳು ಉಡಲೂ ಆಗದೆ ಬಿಸಾಡಲೂ ಆಗದೆ ಟ್ರಂಕಿನಲ್ಲಿವೆ. ಅವರು ಸೀರೆ ಕಳುಹಿಸಲಿ, ಅತ್ತೆಯವರು ಹೊಲಿದು ಕೊಡಲಿ. 3,000 ರೂಪಾಯಿ ಹೇಳಿ, ಅರ್ಧ ಮುಂಗಡ ಪಡೆಯಿರಿ. ಮಗನ ವಾಟ್ಸ್ಆ್ಯಪ್‌ಗೆ ನಿಜವಾದ ಕೆಲಸ ಇದು. ಯಾವ ಸೀರೆ ಮೇಲೆ ಬರಬೇಕು, ಯಾವುದು ಒಳಗೆ, ಯಾವುದಕ್ಕೆ ಕತ್ತರಿ ತಾಗಿಸಬಾರದು ಎಂದು ಫೋಟೊ ಹಾಕಿ ಕೇಳಿ, ಉತ್ತರ ಬಂದ ಮೇಲೆ ಕೆಲಸ ಶುರು ಮಾಡಿ.

ನಮ್ಮ ಮೊದಲ ಆರ್ಡರಿನಲ್ಲಿ ನಾವು ಅಂಚಿನ ತುಂಡುಗಳನ್ನು ಕಸಕ್ಕೆ ಹಾಕಿದ್ದೆವು. ಕೌದಿ ತಲುಪಿದ ಸಂಜೆ, ಸೀರೆ ಕಳುಹಿಸಿದ್ದಾಕೆ ಫೋನ್ ಮಾಡಿದರು. ಚೆನ್ನಾಗಿದೆ ಎಂದರು. ಆಮೇಲೆ, ಆ ಹಸಿರು ಸೀರೆಯದು ಏನಾದರೂ ಉಳಿಯಿತೇ ಎಂದು ಕೇಳಿದರು. ಅಂದಿನಿಂದ ಬೆರಳಗಲದ ಚೂರನ್ನೂ ಸಣ್ಣ ಗಂಟು ಕಟ್ಟಿ ಕೌದಿಯೊಳಗೇ ಸುತ್ತಿ ಕಳುಹಿಸುತ್ತೇವೆ.